ಹನ್ನೊಂದು ತಿಂಗಳಿಗೊಂದು ಕೋಣೆ

ಕಮಲಾಕ್ಷಿಯಕ್ಕನನ್ನು ನಾನು ಕಂಡದ್ದು ಒಂದೇ ಸಲ. ಆಕೆ ಬರೆದ ಕಾಗದವನ್ನು ಮಾತ್ರ ಮೂರು ಸಲ ಓದಿದ್ದೇನೆ. ಅದರಲ್ಲಿ ಮೊದಲನೆಯದನ್ನು ಓದು ಎಂದು ಕರೆಯಲು ನನಗೇ ನಾಚಿಕೆ.

ನಾನು ಉದಯಶಂಕರ. ಊರು ಕಾಸರಗೋಡಿನ ನೀರ್ಚಾಲು. ಹದಿನಾರು ವರ್ಷಗಳಿಂದ ತಿರುವನಂತಪುರದ ಒಂದು ಸರಕಾರಿ ಕಚೇರಿಯಲ್ಲಿ ಕನ್ನಡ ಅನುವಾದಕನಾಗಿದ್ದೇನೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವರೆಲ್ಲ ತಾವು ಗಂಗೆಯಲ್ಲಿ ಮಿಂದು ಬಂದವರೆಂದುಕೊಳ್ಳುತ್ತಾರೆ. ನಮ್ಮ ಕಡೆಯ ಜನ ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆದರೆ ಅದು ತಿರುಗಿ ತಿರುಗಿ ನನ್ನ ಮೇಜಿಗೆ ಬರುತ್ತದೆ, ನಾನು ಮಲಯಾಳಕ್ಕೆ ಮಾಡಿ ಕಳಿಸುತ್ತೇನೆ. ಕನ್ನಡದಲ್ಲಿ ಅರ್ಜಿ ಕೊಡುವುದು ನಮ್ಮ ಹಕ್ಕು ಎಂದು ನವೆಂಬರ್ ತಿಂಗಳಲ್ಲಿ ಶಾಲು ಹೊದ್ದು ಭಾಷಣ ಮಾಡುವವರಲ್ಲಿ ನಾನೂ ಒಬ್ಬ. ಚಪ್ಪಾಳೆ ಚೆನ್ನಾಗಿಯೇ ಬೀಳುತ್ತದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಅರ್ಜಿ ಬಂದ ಕೂಡಲೇ ಅದರ ಮೇಲೆ ಒಂದು ಹಾಳೆ ಸಿಕ್ಕಿಸಿ ಎರಡು ಸಾಲಿನ ಸಾರಾಂಶ ಬರೆಯಬೇಕು. ಅರ್ಜಿ ಎಲ್ಲರಿಗೂ ಸಂಬಂಧಪಟ್ಟ ನೀತಿಯ ವಿಚಾರವಾದರೆ ಪೂರ್ತಿ ಅನುವಾದ ಮಾಡಬೇಕು. ಒಬ್ಬರ ಸ್ವಂತ ಬೇಡಿಕೆಯಾದರೆ ಸಾರಾಂಶ ಸಾಕು. ಯಾವುದು ನೀತಿ, ಯಾವುದು ಬೇಡಿಕೆ ಎಂದು ತೀರ್ಮಾನಿಸುವವನು ಅನುವಾದಕ. ಅಂದರೆ ಪೂರ್ತಿ ಅನುವಾದದ ಕಷ್ಟ ಯಾರ ತಲೆಯ ಮೇಲೆ ಬೀಳುತ್ತದೋ ಅವನೇ. ಈ ಪದ್ಧತಿ ಮಾಡಿದವನಿಗೆ ಮನುಷ್ಯರ ಸ್ವಭಾವ ಗೊತ್ತಿರಲಿಲ್ಲ, ಇಲ್ಲವೇ ಬಹಳ ಚೆನ್ನಾಗಿ ಗೊತ್ತಿತ್ತು.

ಕಮಲಾಕ್ಷಿಯಕ್ಕನ ಕಾಗದ ನನ್ನ ಕೈಗೆ ಬಂದದ್ದು ಓಣಂ ರಜೆಗೆ ಮುಂಚಿನ ದಿನ, ಮಧ್ಯಾಹ್ನ. ನನಗೆ ಸಂಜೆಯ ರೈಲಿಗೆ ಊರಿಗೆ ಹೊರಡುವುದಿತ್ತು. ಅದಕ್ಕೆ ಮುಂಚೆ ಚಾಲೈ ಪೇಟೆಗೆ ಹೋಗಿ ನೇಂದ್ರ ಬಾಳೆಕಾಯಿಯ ಉಪ್ಪೇರಿ, ಅಂದರೆ ಚಿಪ್ಸು, ಕಟ್ಟಿಸಬೇಕಿತ್ತು. ಹೊತ್ತು ಮೀರಿದರೆ ಬಿಸಿ ಬಾಣಲೆಯದು ಸಿಗುವುದಿಲ್ಲ, ಬೆಳಗ್ಗಿನ ಮೆತ್ತಗಾದದ್ದು ಕಟ್ಟಿ ಕೊಡುತ್ತಾರೆ. ಕಾಗದ ನೋಡಿದೆ. ಗೆರೆ ಹಾಕಿದ ನಾಲ್ಕು ಹಾಳೆ, ಎರಡೂ ಬದಿಗೆ, ನೀಲಿ ಪೆನ್ನು. ಶಾಲೆಯಲ್ಲಿ ಕಲಿಸಿದ ಪತ್ರಲೇಖನದ ಹಾಗೆಯೇ ಇವರಿಂದ, ಇವರಿಗೆ, ವಿಷಯ ಎಂದೆಲ್ಲ ಬರೆದು, ಕೆಳಗೆ ಶುರುವಾಗಿತ್ತು: ‘ಮಾನ್ಯರೇ, ನಾನು ವಿಧವೆ. ಕಾಕ್ಕನಾಡಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದೇನೆ. ನನಗೆ ಸ್ವಂತ ಮನೆಯಿಲ್ಲ.’

ನಾನು ಅಲ್ಲಿಗೆ ನಿಲ್ಲಿಸಿದೆ. ಇಂಥ ಅರ್ಜಿ ಸಾವಿರ ನೋಡಿದ್ದೇನೆ ಎಂಬ ಸೊಕ್ಕು. ಮೇಲಿನ ಹಾಳೆಯಲ್ಲಿ ಬರೆದೆ: ‘ಅರ್ಜಿದಾರರು ಬಡ ವಿಧವೆ. ಮನೆಗಾಗಿ ಕೋರಿಕೆ.’ ಸ್ವಂತ ಬೇಡಿಕೆ ಎಂಬ ಚೌಕದಲ್ಲಿ ಗೀಟು ಹಾಕಿ ಸಹಿ ಮಾಡಿದೆ. ಉಪ್ಪೇರಿ ಬಿಸಿಯಾಗಿಯೇ ಸಿಕ್ಕಿತು.

ಆರು ತಿಂಗಳು ಕಳೆಯಿತು. ಮಾರ್ಚಿನಲ್ಲಿ ಅದೇ ನೀಲಿ ಅಕ್ಷರದ ಇನ್ನೊಂದು ಕಾಗದ ಬಂತು. ಈ ಸಲ ಒಂದೇ ಹಾಳೆ. ಚಿಕ್ಕದಾದ್ದರಿಂದ ಪೂರ್ತಿ ಓದಿದೆ. ಅಷ್ಟೇ ನನ್ನ ಯೋಗ್ಯತೆ.

‘ಮಾನ್ಯರೇ, ನಿಮ್ಮ ಉತ್ತರ ಬಂತು. ನನ್ನ ಮನೆಯ ಅರ್ಜಿ ತಿರಸ್ಕಾರವಾಗಿದೆ ಎಂದು ಬರೆದಿದ್ದೀರಿ. ನಾನು ಮನೆ ಕೇಳಿರಲಿಲ್ಲ. ಒಂದು ನಿಯಮದಲ್ಲಿ ಒಂದು ಪದ ಬದಲಿಸಬೇಕೆಂದು ಕೇಳಿದ್ದೆ. ನನ್ನ ಕಾಗದ ಬೇರೆ ಯಾರದ್ದೋ ಕಾಗದದ ಜೊತೆ ಅದಲುಬದಲಾಗಿರಬೇಕು. ನಿಮ್ಮಲ್ಲಿ ಕನ್ನಡ ಗೊತ್ತಿರುವವರು ಒಬ್ಬರಿದ್ದಾರೆ ಎಂದು ಇಲ್ಲಿನ ಕಚೇರಿಯಲ್ಲಿ ಹೇಳಿದರು. ದಯವಿಟ್ಟು ಅವರಿಗೆ ತೋರಿಸಿ. ಅವರು ಓದಿದರೆ ಗೊತ್ತಾಗುತ್ತದೆ.’

ಅವರು ಓದಿದರೆ ಗೊತ್ತಾಗುತ್ತದೆ! ಬೈದಿದ್ದರೆ ಪರವಾಗಿರಲಿಲ್ಲ. ಆಕೆ ತಪ್ಪನ್ನು ಯಾವುದೋ ಗುಮಾಸ್ತನ ಕೈಗೆ, ಕಾಗದದ ರಾಶಿಗೆ ಹೊರಿಸಿ, ನನ್ನನ್ನು ಮಾತ್ರ ದೇವರ ಜಾಗದಲ್ಲಿ ಕೂರಿಸಿದ್ದಳು. ಹಳೆಯ ಫೈಲು ತರಿಸಿ, ಬಾಗಿಲು ಹಾಕಿಕೊಂಡು, ಎಂಟೂ ಪುಟ ಓದಿದೆ.

ಕಮಲಾಕ್ಷಿಯಕ್ಕ ಮುಳ್ಳೇರಿಯದ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಏಳನೆಯ ತರಗತಿಗೆ ಓದು ಮುಗಿಯಿತು. ಗಂಡ ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ; ಅವನ ಹಿಂದೆ ಬಂದಳು. ಕಾರ್ಖಾನೆ ಮುಚ್ಚಿತು, ಗಂಡ ತೀರಿಕೊಂಡ, ಒಬ್ಬ ಮಗಳನ್ನು ಸಾಕಿ ಆಲುವಕ್ಕೆ ಮದುವೆ ಮಾಡಿ ಕೊಟ್ಟಳು. ಇದೆಲ್ಲ ಆಕೆ ಅರ್ಧ ಪುಟದಲ್ಲಿ ಮುಗಿಸಿದ್ದಳು. ಅಳು, ಗೋಳು ಒಂದಕ್ಷರ ಇಲ್ಲ. ಉಳಿದ ಪುಟಗಳೆಲ್ಲ ಲೈನ್ ಮನೆಯದ್ದು.

ಎರ್ನಾಕುಳದ ಹತ್ತಿರದ ಕಾಕ್ಕನಾಡಿನ ಐಟಿ ಪಾರ್ಕಿನಿಂದ ಸ್ವಲ್ಪ ಒಳಗೆ, ಹದಿನೇಳು ಮಹಡಿಯ ಒಂದು ಫ್ಲ್ಯಾಟಿನ ಬೆನ್ನಿಗೆ, ಶೀಟು ಹಾಕಿದ ಒಂಬತ್ತು ಕೋಣೆಗಳ ಒಂದು ಸಾಲು. ಎಲ್ಲರಿಗೂ ಸೇರಿ ಎರಡು ಪಾಯಿಖಾನೆ, ಒಂದು ಬಾವಿ. ಹತ್ತೊಂಬತ್ತು ವರ್ಷದಿಂದ ಕಮಲಾಕ್ಷಿಯಕ್ಕನ ವಾಸ ಅಲ್ಲಿ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ತುಂಬಿದರೆ ರಿಜಿಸ್ಟರ್ ಮಾಡಿಸಬೇಕು, ಅದು ಬೇಡವೆಂದು ಹನ್ನೊಂದಕ್ಕೆ ನಿಲ್ಲಿಸುವ ಜಾಣತನ ಎಲ್ಲ ಪೇಟೆಗಳಲ್ಲೂ ಇರುವುದೇ. ಆದರೆ ಈ ಸಾಲಿನ ಯಜಮಾನ ಒಂದು ಹೆಜ್ಜೆ ಮುಂದಿನವನು. ಹನ್ನೊಂದು ತಿಂಗಳು ಮುಗಿದ ದಿನ ಒಂಬತ್ತು ಮನೆಯವರೂ ಪಾತ್ರೆ ಪಡಗ ಹೊತ್ತು ಪಕ್ಕದ ಕೋಣೆಗೆ ಹೋಗಬೇಕು. ಒಂದರವರು ಎರಡಕ್ಕೆ, ಎರಡರವರು ಮೂರಕ್ಕೆ, ಒಂಬತ್ತರವರು ಸುತ್ತಿ ಬಂದು ಒಂದಕ್ಕೆ. ಯಾರೂ ಯಾವ ಕೋಣೆಯಲ್ಲೂ ಒಂದು ವರ್ಷ ಇದ್ದರು ಎಂದು ಹೇಳುವ ಹಾಗಿಲ್ಲ. ಬೇರು ಬಿಡಬಾರದೆಂದು ಕುಂಡದ ಗಿಡವನ್ನು ಆಗಾಗ ಎತ್ತಿ ಇಡುತ್ತಾರಲ್ಲ, ಹಾಗೆ.

ಆಕೆ ಪಟ್ಟಿ ಬರೆದಿದ್ದಳು. ಯಾವ ವರ್ಷ ಯಾವ ಕೋಣೆ. ಎರಡನೆಯದರಲ್ಲಿ ಮಳೆಗಾಲಕ್ಕೆ ನೆಲದಿಂದ ನೀರು ಏಳುತ್ತದೆ. ನಾಲ್ಕನೆಯದರ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಏಳನೆಯದು ಪಾಯಿಖಾನೆಯ ಪಕ್ಕದ್ದು, ಅಲ್ಲಿ ಹನ್ನೊಂದು ತಿಂಗಳು ಊಟ ಸೇರುವುದಿಲ್ಲ. ಎಂಟು ಒಳ್ಳೆಯದು, ಗಾಳಿ ಬರುತ್ತದೆ. ಸಾಲನ್ನು ಆಕೆ ಎರಡು ಸುತ್ತು ಮುಗಿಸಿ ಮೂರನೆಯ ಸುತ್ತಿಗೆ ಬಿದ್ದಿದ್ದಳು. ಹತ್ತೊಂಬತ್ತು ವರ್ಷ ಅದೇ ಬಾವಿಯ ನೀರು ಕುಡಿದರೂ ಕಾಗದದ ಮೇಲೆ ಆಕೆ ಎಲ್ಲೂ ಒಂದು ವರ್ಷ ಬದುಕಿರಲಿಲ್ಲ.

ಮೂರನೆಯ ಹಾಳೆಯಲ್ಲಿ ಮುಖ್ಯ ಮಾತು. ಸರಕಾರ ಹೊಸ ವಸತಿ ನೀತಿಯ ಕರಡು ಹೊರಡಿಸಿತ್ತು. ಮನೆಗೆಲಸದವರು, ಕೂಲಿಯವರಿಗೆಂದು ಅಲ್ಲೇ ಹತ್ತಿರ ಸಣ್ಣ ಬಾಡಿಗೆ ಫ್ಲ್ಯಾಟು ಕಟ್ಟುತ್ತಾರೆ, ಅರ್ಜಿ ಹಾಕಿದವರಿಗೆ ಚೀಟಿ ಎತ್ತಿ ಕೊಡುತ್ತಾರೆ. ಅರ್ಜಿ ಹಾಕಬೇಕಾದರೆ ‘ಒಂದೇ ವಿಳಾಸದಲ್ಲಿ ಹನ್ನೆರಡು ತಿಂಗಳ ನಿರಂತರ ವಾಸದ ಕರಾರುಪತ್ರ’ ಬೇಕು. ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು. ಕಮಲಾಕ್ಷಿಯಕ್ಕ ತಿಳಿಸಿದ್ದಳು:

‘ಈ ನಿಯಮ ಇದ್ದರೆ ಯಾರಿಗಾಗಿ ಈ ಮನೆಗಳೋ ಅವರಲ್ಲಿ ಒಬ್ಬರಿಗೂ ಅರ್ಜಿ ಹಾಕಲಾಗದು. ನಮಗೆ ಹನ್ನೆರಡು ತಿಂಗಳ ಕರಾರು ಯಾರೂ ಕೊಡುವುದಿಲ್ಲ. ಆದ್ದರಿಂದ ವಿಳಾಸ ಎಂದು ಇರುವಲ್ಲಿ ವಾರ್ಡು ಎಂದು ಮಾಡಿ. ಕರಾರುಪತ್ರ ಇಲ್ಲದಿದ್ದರೆ ಅಂಗನವಾಡಿಯ ರಿಜಿಸ್ಟರು, ಆಸ್ಪತ್ರೆಯ ಚೀಟಿ, ನಾವು ಕೆಲಸ ಮಾಡುವ ಮನೆಯವರ ಪತ್ರ, ಇವುಗಳಲ್ಲಿ ಯಾವುದಾದರೂ ಎರಡು ಸಾಕು ಎಂದು ಬರೆಯಿರಿ. ಇದು ನನ್ನೊಬ್ಬಳಿಗಾಗಿ ಅಲ್ಲ. ಚೀಟಿಯಲ್ಲಿ ನನ್ನ ಹೆಸರು ಬಾರದಿದ್ದರೆ ಬೇಡ. ಮುಂದಿನ ವರ್ಷ ನಮ್ಮ ಲೈನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. ಅಷ್ಟರೊಳಗೆ ಒಂಬತ್ತು ಮನೆಯವರ ಹೆಸರಾದರೂ ಡಬ್ಬಿಯೊಳಗೆ ಬೀಳಬೇಕು.’

ಒಂದು ಪದ. ದೊಡ್ಡ ಸಂಬಳದ ಸಮಾಲೋಚಕರು ಏಸಿ ಕೋಣೆಯಲ್ಲಿ ಕೂತು ಮಾಡಿದ ಕರಡಿನಲ್ಲಿ ಯಾರಿಗೂ ಕಾಣದ ತೂತು ಏಳನೆಯ ತರಗತಿ ಓದಿದ ಈ ಹೆಂಗಸಿಗೆ ಕಂಡಿತ್ತು. ಅದನ್ನು ಮುಚ್ಚುವ ಬಿರಡೆಯನ್ನೂ ಕೈಯಲ್ಲೇ ಕೊಟ್ಟಿದ್ದಳು. ಅದರ ಮೇಲೆ ನಾನು ‘ಮನೆಗಾಗಿ ಕೋರಿಕೆ’ ಎಂದು ಬರೆದು ಉಪ್ಪೇರಿ ತಿನ್ನಲು ಹೋಗಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿಯ ಮುಖ ಹೇಗಿರುತ್ತದೆಂದು ನೋಡಲು ನನಗೆ ಕನ್ನಡಿ ಸಾಕಾಯಿತು.

ಆಮೇಲೆ ನೀತಿಯ ಅಚ್ಚಾದ ಪುಸ್ತಕ ತರಿಸಿದೆ. ಫೆಬ್ರವರಿಯಲ್ಲೇ ಹೊರಬಂದಿತ್ತು, ಮುಖಪುಟದ ಮೇಲೆ ನಗುವ ಹೆಂಗಸೊಬ್ಬಳ ಚಿತ್ರ. ‘ಒಂದೇ ವಿಳಾಸದಲ್ಲಿ ಹನ್ನೆರಡು ತಿಂಗಳು’ ಹಾಗೆಯೇ ಇತ್ತು. ಕೊನೆಯಲ್ಲಿ ಸಾರ್ವಜನಿಕರ ಅಭಿಪ್ರಾಯಗಳ ಅನುಬಂಧ. ಇಂಗ್ಲಿಷಿನಲ್ಲಿ ಈಮೇಲ್ ಕಳಿಸಿದವರದ್ದು ಅಕ್ಷರ ಬಿಡದೆ ಅಚ್ಚಾಗಿತ್ತು. ನಾಯಿಗಳನ್ನು ಅಡ್ಡಾಡಿಸಲು ಪ್ರತ್ಯೇಕ ದಾರಿ ಬೇಕು ಎಂದೊಬ್ಬರು ಬರೆದದ್ದು ಒಂದೂವರೆ ಪುಟ. ಅಭಿಪ್ರಾಯ ಕೇಳಲು ಕಾಕ್ಕನಾಡಿನಲ್ಲಿ ಕರೆದ ಸಭೆಯಲ್ಲಿ ಒಂದು ಫ್ಲ್ಯಾಟಿನ ಸಂಘದ ಅಧ್ಯಕ್ಷರು ಆಡಿದ ಮಾತೂ ಇತ್ತು. ಇಂಥ ಬಾಡಿಗೆ ಮನೆಗಳು ಬರುವುದಕ್ಕೆ ತಮ್ಮ ವಿರೋಧವಿಲ್ಲ, ಆದರೆ ‘ಜೀವನಶೈಲಿಯ ಹೊಂದಾಣಿಕೆ’ ದೃಷ್ಟಿಯಿಂದ ಮೂರು ಕಿಲೋಮೀಟರಾದರೂ ದೂರ ಇರಲಿ, ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ತಲುಪುವಂತೆ ಬಸ್ಸು ಮಾತ್ರ ಇರಲಿ.

ಕೆಲಸಕ್ಕೆ ಬೇಕು, ನೆರೆಗೆ ಬೇಡ. ಬೆಳಗಿನ ತಿಂಡಿಗೆ ಪುಟ್ಟು ಹಬೆಯಲ್ಲಿ ಬೇಯಿಸಲು, ಅಜ್ಜಿಯ ಬೆನ್ನು ಒರೆಸಲು ಆ ಕೈ ಆಗಬಹುದು. ಅದೇ ಕೈ ಪಕ್ಕದ ಗೋಡೆಯಾಚೆ ಬಟ್ಟೆ ಒಣಗಿಸಿದರೆ ಜೀವನಶೈಲಿ ಕೆಡುತ್ತದೆ. ಥೂ! ಇಂಗ್ಲಿಷಿನಲ್ಲಿ ಹೇಳಿದರೆ ಎಂಥ ಕೊಳಕಿಗೂ ಇಸ್ತ್ರಿ ಬೀಳುತ್ತದೆ.

ಥೂ ಎಂದು ಸುಲಭವಾಗಿ ಅಂದುಬಿಟ್ಟೆ. ನನಗೆ ತಿರುವನಂತಪುರದ ಕೋಟೆಯ ಹತ್ತಿರ ಬಾಡಿಗೆ ಮನೆ ಸಿಕ್ಕಿದ್ದು ಹೇಗೆ? ಮನೆಯಜಮಾನರು ನನ್ನ ಸಂಬಳ ಕೇಳಲಿಲ್ಲ, ಕೆಲಸ ಕೇಳಲಿಲ್ಲ. ‘ಪೂರ್ತಿ ಹೆಸರು?’ ಎಂದರು. ‘ಮೀನು?’ ಎಂದರು. ಇಲ್ಲ ಎಂದೆ. ಕೀಲಿಕೈ ಕೊಟ್ಟರು. ನನಗಿಂತ ಮುಂಚೆ ಕೇಳಿ ಹೋದವರಿಗೆ ಏನು ಉತ್ತರ ಸಿಕ್ಕಿತ್ತೆಂದು ನಾನು ವಿಚಾರಿಸಲಿಲ್ಲ. ಹನ್ನೊಂದು ತಿಂಗಳ ಕರಾರು ನನ್ನದೂ. ಹತ್ತು ವರ್ಷದಿಂದ ಅದೇ ಮನೆಯಲ್ಲಿದ್ದೇನೆ, ಪಕ್ಕದ ಕೋಣೆಗೆ ಹೋಗು ಎಂದು ನನಗೆ ಯಾರೂ ಹೇಳಿಲ್ಲ.

ನಮ್ಮ ವಿಭಾಗದ ಮೇಲಧಿಕಾರಿ ರಾಮದಾಸ ಸಾರ್. ಒಳ್ಳೆಯ ಮನುಷ್ಯ ಎಂದು ಹೆಸರು, ಯಾಕೆಂದರೆ ಯಾರ ಮೇಲೂ ಕೂಗುವುದಿಲ್ಲ. ಎರಡೂ ಕಾಗದ ಅವರ ಮುಂದಿಟ್ಟು ನನ್ನ ತಪ್ಪು ಹೇಳಿದೆ.

ಅವರು ಕನ್ನಡಕ ಏರಿಸಿ ನನ್ನ ಸಾರಾಂಶ ಓದಿದರು. “ಇದರಲ್ಲಿ ತಪ್ಪೇನು ಉದಯಾ? ಬಡ ವಿಧವೆ ಹೌದಾ? ಹೌದು. ಮನೆ ಇಲ್ಲ ಅಂತ ಬರೆದಿದ್ದಾಳಾ? ಬರೆದಿದ್ದಾಳೆ.”

“ಆಕೆ ಕೇಳಿದ್ದು ಮನೆ ಅಲ್ಲ ಸಾರ್. ನಿಯಮ ಬದಲಿಸಿ ಅಂತ.”

“ಮುಗಿದ ಫೈಲು. ಪುಸ್ತಕ ಅಚ್ಚಾಗಿದೆ.”

“ತಪ್ಪು ನನ್ನದು ಅಂತ ನಾನೇ ಬರೆದು ಕೊಡ್ತೇನೆ.”

“ಬರೆದು ಕೊಡು. ಯಾರು ಬೇಡ ಅಂದರು?” ಎಂದರು ಸಮಾಧಾನವಾಗಿ. “ನಿನ್ನ ಮನಸ್ಸಿಗೆ ಹಗುರ ಆಗ್ತದೆ.”

ಬರೆದು ಕೊಟ್ಟೆ. ಎಂಟು ಪುಟವನ್ನೂ ಮಲಯಾಳಕ್ಕೆ ಅನುವಾದಿಸಿ ಲಗತ್ತಿಸಿದೆ. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಒಂದು ತಿಂಗಳ ಬಳಿಕ ವಸತಿ ಇಲಾಖೆಯಿಂದ ಉತ್ತರ ಬಂತು: ಸಲಹೆ ಸ್ವಾಗತಾರ್ಹ, ಐದು ವರ್ಷಗಳ ನಂತರ ನೀತಿ ಪರಿಷ್ಕರಿಸುವಾಗ ಪರಿಗಣಿಸಲಾಗುವುದು. ಈ ವರ್ಷದ ಫ್ಲ್ಯಾಟುಗಳಿಗೆ ಅರ್ಜಿಯ ಗಡುವು ಮೀರಿದೆ. ರಾಮದಾಸ ಸಾರ್ ಅದನ್ನು ನನ್ನ ಮೇಜಿನ ಮೇಲಿಟ್ಟು ಬೆನ್ನು ತಟ್ಟಿ ಹೋದರು. ಆ ತಟ್ಟಿದ ಜಾಗ ಸಂಜೆಯವರೆಗೂ ಅಂಟಂಟಾಗಿ ಇದ್ದಂತೆನಿಸಿತು.

ಇದನ್ನು ಅಂಚೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಮೇ ತಿಂಗಳ ಒಂದು ಭಾನುವಾರ ಎರಡೂ ಕಾಗದ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ. ಎರ್ನಾಕುಳದಲ್ಲಿ ಇಳಿದು, ಮೆಟ್ರೋದಲ್ಲಿ ಕಳಮಶ್ಶೇರಿಗೆ ಹೋಗಿ, ಅಲ್ಲಿಂದ ಬಸ್ಸು. ಹೊಸ ಫ್ಲ್ಯಾಟುಗಳ ಸಂದಿಯಲ್ಲಿ ಲೈನ್ ಮನೆ ಹುಡುಕುವುದು ಕಷ್ಟವಾಗಲಿಲ್ಲ. ರಸ್ತೆಗೇ ಕಾಣುವ ಹಾಗೆ ಒಂಬತ್ತು ಮನೆಯ ಸಾಮಾನು ಅಂಗಳದಲ್ಲಿ ಬಿದ್ದಿತ್ತು: ಪಾತ್ರೆ, ಗ್ಯಾಸಿನ ಒಲೆ, ಸುರುಳಿ ಸುತ್ತಿದ ಚಾಪೆ, ದೇವರ ಪಟ, ಫ್ಯಾನು. ಅದು ಕೋಣೆ ಬದಲಿಸುವ ದಿನ. ನನ್ನ ಗ್ರಹಚಾರ ನೋಡಿ.

“ಕಮಲಾಕ್ಷಿ ಚೇಚಿ?” ಎಂದು ಮಲಯಾಳದಲ್ಲಿ ಅಕ್ಕ ಸೇರಿಸಿ ಕೇಳಿದೆ. ಒಬ್ಬ ಮುದುಕಿ ಕೈ ತೋರಿಸಿದಳು. ಆಕೆಯ ಹೆಸರು ಶೋಶಾಮ್ಮ ಎಂದು ಆಮೇಲೆ ತಿಳಿಯಿತು. ಐದನೆಯ ಕೋಣೆಯ ಬಾಗಿಲಲ್ಲಿ, ಸೀರೆ ಎತ್ತಿ ಸಿಕ್ಕಿಸಿ, ಗೋಡೆಗೆ ಬಡಿದಿದ್ದ ಮೊಳೆಗಳನ್ನು ಇಕ್ಕುಳದಿಂದ ಕೀಳುತ್ತಿದ್ದ ತೆಳ್ಳಗಿನ ಹೆಂಗಸು ತಿರುಗಿ ನೋಡಿದಳು. ಐವತ್ತಾರು, ಐವತ್ತೇಳು ಇರಬಹುದು.

“ನಾನು ತಿರುವನಂತಪುರದಿಂದ ಬಂದದ್ದು. ಉದಯಶಂಕರ. ನಿಮ್ಮ ಕಾಗದ...” ಎಂದು ಕನ್ನಡದಲ್ಲಿ ಶುರುಮಾಡಿದೆ.

“ಅಯ್ಯೋ, ಕನ್ನಡದ ಸಾರ್ ನೀವೆಯಾ?” ಆಕೆಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಇಕ್ಕುಳ ಕೆಳಗಿಟ್ಟು, ಮಗುಚಿ ಹಾಕಿದ್ದ ಬಕೆಟನ್ನು ಸೆರಗಿನಿಂದ ಒರೆಸಿ ಕೊಟ್ಟಳು. “ಕೂತ್ಕೊಳ್ಳಿ. ಕುರ್ಚಿ ಆ ರಾಶಿಯ ಅಡಿಯಲ್ಲಿ ಉಂಟು. ಊರು ಎಲ್ಲಿ ಆಯ್ತು?”

“ನೀರ್ಚಾಲು.”

“ಹತ್ತಿರವೇ! ನನಗೆ ಗೊತ್ತಿತ್ತು ನೋಡಿ, ನಮ್ಮವರು ಯಾರಾದ್ರೂ ಓದಿದ್ರೆ ಬಿಡ್ಲಿಕ್ಕಿಲ್ಲ ಅಂತ. ಮಗಳು ಹೇಳಿದ್ಲು, ಮಲಯಾಳದಲ್ಲಿ ಬರೆಸು ಅಮ್ಮಾ ಅಂತ. ಅವಳಿಗೆ ನಮ್ಮ ಅಕ್ಷರ ಓದ್ಲಿಕ್ಕೆ ಬರುದಿಲ್ಲ. ನಾನು ಹೇಳಿದೆ, ಬೇರೆಯವರ ಕೈಯಲ್ಲಿ ಬರೆಸಿದ್ರೆ ಅವರಿಗೆ ಬೇಕಾದ್ದು ಬರೀತಾರೆ. ನನ್ನ ಮಾತು ನನ್ನ ಕೈಯಲ್ಲೇ ಹೋಗಲಿ. ಈ ನೀತಿಗೆ ಅಂತ ಕರೆದ ಸಭೆಯಲ್ಲಿ ಮಾತಾಡ್ಲಿಕ್ಕೆ ಎರಡು ನಿಮಿಷ ಕೊಟ್ರು. ನಾನು ಎದ್ದು ನಿಲ್ಲುವಾಗ ಫ್ಲ್ಯಾಟಿನ ಅಧ್ಯಕ್ಷರು ಇನ್ನೂ ಮುಗಿಸಿರಲಿಲ್ಲ. ಅವರ ಮನೆಗೇ ನಾನು ಅಡಿಗೆಗೆ ಹೋಗುದು. ಆ ದಿನ ಪುಟ್ಟು ಕಡಲೆ ಮಾಡಿ ಕೊಟ್ಟೇ ಬಂದದ್ದು. ನನ್ನ ಮುಖ ನೋಡಿಯೇ ಹೇಳಿದ್ರು, ಮೂರು ಕಿಲೋಮೀಟರು ದೂರ ಅಂತ.” ಆಕೆ ನಕ್ಕಳು. ನನಗೆ ನಗು ಬರಲಿಲ್ಲ.

“ಅವರ ಮನೆಗೆ ಈಗಲೂ ಹೋಗ್ತೀರಾ?”

“ಹೋಗದೆ ಎಂತ ಮಾಡುದು? ಅವರಿಗೆ ಪುಟ್ಟು ಬೇಕು, ನನಗೆ ಸಂಬಳ ಬೇಕು. ಅದಿರಲಿ, ನನ್ನ ಕಾಗದ ಸಿಕ್ಕಿತಾ? ಯಾರದ್ದರ ಜೊತೆ ಬದಲಾಗಿತ್ತು?”

ರೈಲಿನಲ್ಲಿ ನಾನು ಮೂರು ನಾಲ್ಕು ವಾಕ್ಯ ಹೊಂದಿಸಿಕೊಂಡಿದ್ದೆ. ಕೆಲಸದ ಒತ್ತಡ, ಪದ್ಧತಿಯ ದೋಷ, ಎಂದೆಲ್ಲ. ಆ ಬಕೆಟಿನ ಮೇಲೆ ಕೂತಾಗ ಅವೆಲ್ಲ ಬಾಯಿಗೆ ಬರಲಿಲ್ಲ. “ಬದಲಾಗಿರಲಿಲ್ಲ ಕಮಲಾಕ್ಷಿಯಕ್ಕ,” ಎಂದೆ. “ನಾನು ಓದಲಿಲ್ಲ. ಮೊದಲಿನ ಮೂರು ಸಾಲು ನೋಡಿ, ಮನೆ ಕೇಳಿದ್ದಾರೆ ಅಂತ ಬರೆದು ಕಳಿಸಿದೆ.”

ಆಕೆ ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡಳು. “ಈಗ?”

“ಈಗ ಆಗುವುದಿಲ್ಲವಂತೆ. ಐದು ವರ್ಷದ ನಂತರ ನೋಡ್ತಾರಂತೆ.”

“ಐದು ವರ್ಷ.” ಆಕೆ ಅಂಗಳದ ಸಾಮಾನಿನ ಕಡೆ ನೋಡಿದಳು. “ಹನ್ನೊಂದು ತಿಂಗಳಿಗೆ ಈ ಲೈನೇ ಇರುದಿಲ್ಲ. ಇದು ಕೊನೇ ಸುತ್ತು ಅಂತ ಯಜಮಾನರ ಮ್ಯಾನೇಜರ್ ಹೇಳಿ ಆಯ್ತು.”

ಆಮೇಲೆ ಗಟ್ಟಿಯಾಗಿ ಮಲಯಾಳದಲ್ಲಿ ಎಲ್ಲರನ್ನೂ ಕರೆದಳು. ಶೋಶಾಮ್ಮ ಬಂದಳು, ಉಳಿದ ಮನೆಗಳ ಹೆಂಗಸರು, ಇಬ್ಬರು ಗಂಡಸರು ಬಂದು ಸುತ್ತ ನಿಂತರು. “ಈ ಸಾರ್ ತಿರುವನಂತಪುರದವರು. ನಾನು ಬರೆದ ಕಾಗದ ನಿಮಗೆ ಯಾರಿಗೂ ಓದಲು ಬರಲಿಲ್ಲವಲ್ಲ. ಇವರು ಓದಿ ಹೇಳುತ್ತಾರೆ,” ಎಂದಳು. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಓದಿ,” ಎಂದಳು.

ಓದಿದೆ. ಎಂಟೂ ಪುಟ, ಮಲಯಾಳದಲ್ಲಿ. ಚಿಲಕವಿಲ್ಲದ ನಾಲ್ಕನೆಯ ಕೋಣೆಯ ಮಾತು ಬಂದಾಗ ಒಬ್ಬಳು ಪಕ್ಕದವಳ ಮುಖ ನೋಡಿದಳು. ಏಳನೆಯದು ಬಂದಾಗ ಶೋಶಾಮ್ಮ, “ನಾನೀಗ ಅದಕ್ಕೇ ಹೋಗುವುದು,” ಎಂದಳು. ಒಂಬತ್ತು ಮನೆಯವರ ಹೆಸರಾದರೂ ಡಬ್ಬಿಯೊಳಗೆ ಬೀಳಬೇಕು ಎಂಬಲ್ಲಿಗೆ ಬರುವಾಗ ಕಾಗದ ಮಡಚಿಬಿಡೋಣ ಎನಿಸಿತು, ಆದರೂ ನಿಲ್ಲಿಸಲಿಲ್ಲ. ನಿಲ್ಲಿಸಿ ಅಭ್ಯಾಸವಿದ್ದವನಿಗೆ ಅಂದು ನಿಲ್ಲಿಸುವ ಹಕ್ಕಿರಲಿಲ್ಲ.

ಮುಗಿದ ಮೇಲೆ ಶೋಶಾಮ್ಮ, “ಇಷ್ಟೆಲ್ಲ ನೀನು ಬರೆದದ್ದಾ ಕಮಲಾಕ್ಷೀ?” ಎಂದು ಕೇಳಿದಳು.

ಕಮಲಾಕ್ಷಿಯಕ್ಕ ಕಾಗದದ ಮೇಲೆ ಸಿಕ್ಕಿಸಿದ್ದ ನನ್ನ ಹಾಳೆಯನ್ನು ತೋರಿಸಿದಳು. “ಮೇಲೆ ನೀವು ಬರೆದದ್ದು ಉಂಟಲ್ಲ ಸಾರ್. ಅದನ್ನೂ ಓದಿ.”

“ಅದು ಬೇಡ.”

“ಓದಿ.”

“ಅರ್ಜಿದಾರರು ಬಡ ವಿಧವೆ. ಮನೆಗಾಗಿ ಕೋರಿಕೆ,” ಎಂದು ಓದಿದೆ.

“ಮತ್ತೆ?” ಎಂದ ಅಲ್ಲಿದ್ದ ಒಬ್ಬ ಗಂಡಸು.

“ಅಷ್ಟೇ.”

ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಸಾಮಾನಿನ ಕಡೆ ಹೋದರು. ಹೊರಗೆ ಬೈಕು ನಿಂತ ಸದ್ದಾಯಿತು. ಯಜಮಾನನ ಮ್ಯಾನೇಜರ್ ಛಾಪಾಕಾಗದಗಳ ಕಟ್ಟು ಹಿಡಿದು ಬಂದ. ಬಾಗಿಲು ಬಾಗಿಲಿಗೆ ನಿಂತು ಸಹಿ ಹಾಕಿಸಿಕೊಳ್ಳುತ್ತಾ ನಮ್ಮಲ್ಲಿಗೆ ಬಂದು, ಕಮಲಾಕ್ಷಿ, ಆರನೆಯ ಕೋಣೆ, ಎಂದು ಒಂದು ಕಾಗದ ತೆಗೆದ. ಆಕೆ ಕನ್ನಡದಲ್ಲಿ, ಗುಂಡಗಿನ ನೀಲಿ ಅಕ್ಷರದಲ್ಲಿ ಸಹಿ ಹಾಕಿದಳು. ಕೆಳಗೆ ಸಾಕ್ಷಿ ಎಂದು ಖಾಲಿ ಜಾಗವಿತ್ತು.

“ಸಾಕ್ಷಿ ಯಾರು? ಶೋಶಾಮ್ಮನಾ?” ಎಂದ ಮ್ಯಾನೇಜರ್.

“ಶೋಶಾಮ್ಮ ಬೇಡ. ಇವರು ಹಾಕುತ್ತಾರೆ. ಸರಕಾರದ ಸಾರ್.”

ನಾನು ಬೇಡವೆನ್ನುವಂತೆ ಕೈ ಆಡಿಸಿದೆ. ಆಕೆ ಪೆನ್ನನ್ನು ನನ್ನ ಕೈಗಿಟ್ಟಳು. ಆಕೆಯ ಬೆರಳಿಗೆ ಮೊಳೆಯ ತುಕ್ಕು ಮೆತ್ತಿತ್ತು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅಡಿಗೆಮನೆಯಲ್ಲಿ ಉಪ್ಪು ಎಷ್ಟು ಹಾಕಬೇಕೆಂದು ಹೇಳಿದ ಹಾಗಿತ್ತು.

“ಪೂರ್ತಿ ಓದಿ ಹಾಕಿ, ಸಾರ್.”

ಓದಿದೆ. ಅಂದಿನಿಂದ ಹನ್ನೊಂದು ತಿಂಗಳು. ಅವಧಿ ಮುಗಿದ ದಿನ ಬಾಡಿಗೆದಾರಳು ತಕರಾರಿಲ್ಲದೆ ಕೋಣೆ ಖಾಲಿ ಮಾಡತಕ್ಕದ್ದು. ಸಹಿ ಹಾಕದಿದ್ದರೆ ಆಕೆಗೆ ಅಂದು ಆರನೆಯ ಕೋಣೆಯೂ ಇಲ್ಲ. ಕೊನೆಯ ಸಾಲಿನವರೆಗೂ ಓದಿ, ಸಾಕ್ಷಿ ಎಂದಿರುವಲ್ಲಿ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.